ಮೆಷಿನ್ ಕಟಕಟ ಅನ್ನುತ್ತಿದೆ

ಮಾರ್ಚ್ ೪, ಸೋಮವಾರ
ಸ್ಥಾನ: ಸಿಗಲೇ ಇಲ್ಲ

ಅಕ್ಕ ಅಂಗಡಿ ಮುಚ್ಚುತ್ತಾಳಂತೆ. ಊಟದ ಡಬ್ಬಿ ತೊಳೆದು ಬಂದು, ಸ್ಕ್ರೂಡ್ರೈವರ್ ಎಲ್ಲಿಟ್ಟೆ ಅಂತ ಕೇಳುವ ದನಿಯಲ್ಲೇ ಹೇಳಿದಳು. ಮೇ ಕೊನೆಗೆ ಮಳಿಗೆಯ ಕರಾರು ಮುಗಿಯುತ್ತದೆ, ಮುಂದುವರಿಸುತ್ತೀರೋ ಬಿಡುತ್ತೀರೋ ಅಂತ ಮಾಲೀಕರು ಕೇಳಿದ್ದಾರೆ, ಬಿಡುತ್ತೇವೆ ಅಂದುಬಿಡೋಣ ಅಂದಳು. ಯಾಕೆ ಅಂದೆ. ಜನ ಎಲ್ಲಿ ಬರ್ತಿದ್ದಾರೆ ಅಂದಳು. ಅಷ್ಟೇ. ಮತ್ತೆ ತಲೆ ಬಗ್ಗಿಸಿ ಯಾರದೋ ಮೆಷಿನ್ನಿನ ಹೊಟ್ಟೆಯೊಳಗೆ ಕೈ ಹಾಕಿದಳು.

ಅಪ್ಪ ತೆರೆದ ಅಂಗಡಿ. ಹೊಲಿಗೆ ಮೆಷಿನ್ ರಿಪೇರಿ ಬಿಟ್ಟು ಬೇರೇನೂ ಮಾಡಿದ್ದಲ್ಲ. ಅಪ್ಪನ ಕೈಕೆಲಸ ಪೂರ್ತಿ ಅಕ್ಕನಿಗೆ ಬಂತು. ಮೆಷಿನ್ ಓಡಿಸಿ ಒಂದು ಗಳಿಗೆ ಕಿವಿಗೊಟ್ಟರೆ ಸಾಕು, ಏನು ಕೆಟ್ಟಿದೆ ಅಂತ ಬಿಚ್ಚುವ ಮೊದಲೇ ಹೇಳುವವಳು ಅವಳು. ನನಗೆ ಎಲ್ಲ ಮೆಷಿನ್ನೂ ಒಂದೇ ಥರ ಕೇಳಿಸುತ್ತವೆ. ಸರಕು ಸಾಗಣೆ ಕಚೇರಿಯವರು ನನ್ನನ್ನು ಮನೆಗೆ ಕಳಿಸಿದ ಮೇಲೆ ಅಕ್ಕ ಕರೆದು ಕೌಂಟರಿನಲ್ಲಿ ಕೂರಿಸಿದಳು. ರಸೀದಿ ಬರೆಯುವುದು, ಫೋನ್ ಎತ್ತುವುದು, ಷಟರ್ ಎಳೆಯುವುದು ನನ್ನ ಪಾಲು. ಅಂಗಡಿ ಹೋದರೆ ಈ ವಯಸ್ಸಿನಲ್ಲಿ ನಾನೆಲ್ಲಿ ಹೋಗಿ ಕೂರಲಿ? ನನ್ನದು ಹಾಳಾಗಲಿ, ಆ ಬೆಂಚಿಲ್ಲದೆ ಅಕ್ಕ ಏನು ಮಾಡುತ್ತಾಳೆ?

ಪುಟ್ಟಿಗೆ ಫೋನ್ ಮಾಡಿದೆ. ಪುಟ್ಟಿ ಅಕ್ಕನ ಮಗಳು, ಮೂವತ್ತು ದಾಟಿದರೂ ಅದೇ ಹೆಸರು ಉಳಿದಿದೆ. ಬೇರೆ ಊರಿನಲ್ಲಿ ಕಂಪನಿಗಳ ವೆಬ್‌ಸೈಟ್ ನೋಡಿಕೊಳ್ಳುವ ಕೆಲಸ ಅವಳದು. ನಮ್ಮ ಅಂಗಡಿಗೂ ಯಾವತ್ತೋ ಒಂದು ಮಾಡಿಕೊಟ್ಟಿದ್ದಳು. ಮಾಮ, ಹುಡುಕಿದರೆ ನೀವು ಎಷ್ಟನೆಯವರಾಗಿ ಬರ್ತೀರಿ ಅಂತ ಕೇಳಿದಳು. ನೋಡಿದವರು ಯಾರು? ಫೋನಿನಲ್ಲಿ ‘ಹೊಲಿಗೆ ಮೆಷಿನ್ ರಿಪೇರಿ’ ಅಂತ ಹೊಡೆದು ಹೆಬ್ಬೆರಳು ಸೋಲುವವರೆಗೆ ಕೆಳಗಿಳಿದೆ. ನಾವಿಲ್ಲ. ಮೊದಲು ಬಂದದ್ದು ಹಿಂದಿನ ಬೀದಿಯ ದೊಡ್ಡ ಶೋರೂಮ್. ಅವರು ಹೊಸ ಮೆಷಿನ್ ಮಾರುತ್ತಾರೆ, ಕೆಟ್ಟದ್ದನ್ನು ಗುಟ್ಟಾಗಿ ನಮ್ಮಲ್ಲಿಗೇ ಕಳಿಸುತ್ತಾರೆ.

ಅಕ್ಕನ ಹತ್ತಿರ ಮಾತು ತೆಗೆದುಕೊಂಡೆ. ಮೇ ಕೊನೆಯವರೆಗೆ ಮಾಲೀಕರಿಗೆ ಏನೂ ಹೇಳಕೂಡದು. ಅಷ್ಟರೊಳಗೆ ಅಂಗಡಿಯನ್ನು ಹುಡುಕಾಟದ ಮೊದಲ ಪುಟಕ್ಕೆ ತಂದು, ಜನ ಬರುವ ಹಾಗೆ ಮಾಡಿದರೆ ಮುಂದುವರಿಸಬೇಕು. ‘ಏನಾದ್ರೂ ಮಾಡ್ಕೋ’ ಅಂದಳು. ಇವತ್ತಿನಿಂದ ಈ ಡೈರಿಯಲ್ಲಿ ದಿನದ ಸ್ಥಾನ ಬರೆದಿಡುತ್ತೇನೆ.

ಮಾರ್ಚ್ ೬, ಬುಧವಾರ
ಸ್ಥಾನ: ೬೧

ಅಂತೂ ಸಿಕ್ಕಿದೆವು. ಪುಟ್ಟಿ ಹೇಳಿದ ಮೊದಲ ಪಾಠ: ಅಂಗಡಿಯ ಹೆಸರು, ವಿಳಾಸ, ಫೋನ್ ನಂಬರ್ ಎಲ್ಲ ಕಡೆ ಒಂದೇ ಥರ ಇರಬೇಕು, ಇಲ್ಲದಿದ್ದರೆ ಹುಡುಕುವ ಯಂತ್ರಕ್ಕೆ ನಮ್ಮ ಮೇಲೆ ನಂಬಿಕೆ ಬರುವುದಿಲ್ಲ. ನೋಡಿದರೆ ಫೋನಿನ ನಕ್ಷೆಯಲ್ಲಿ ನಾವು ಎರಡು ಕಡೆ ಇದ್ದೇವೆ. ಒಂದು ಅಪ್ಪನ ಕಾಲದ ಹಳೇ ಬೀದಿ, ಅಲ್ಲೀಗ ಟೈರ್ ಅಂಗಡಿ ಇದೆ. ಇನ್ನೊಂದು ಈಗಿನ ಜಾಗವೇ, ಆದರೆ ಅದರ ಕೆಳಗೆ ಕೆಂಪಕ್ಷರದಲ್ಲಿ ‘ಶಾಶ್ವತವಾಗಿ ಮುಚ್ಚಿದೆ’. ಯಾವ ಪುಣ್ಯಾತ್ಮ ಗುಂಡಿ ಒತ್ತಿದನೋ. ಅಂಗಡಿಯೊಳಗೆ ಕೂತು ಕಾಫಿ ಕುಡಿಯುತ್ತಾ ಅಂಗಡಿ ಮುಚ್ಚಿದ ಸುದ್ದಿ ಓದಿದೆ.

ಅಕ್ಕನಿಗೆ ತೋರಿಸಿದೆ. ನಗುತ್ತಾಳೆ ಅಂದುಕೊಂಡಿದ್ದೆ. ‘ಸ್ವಲ್ಪ ಮುಂಚೆ ಹಾಕಿದ್ದಾರೆ ಅಷ್ಟೇ’ ಅಂದಳು. ಮೈ ಉರಿಯಿತು. ಮಧ್ಯಾಹ್ನವೆಲ್ಲ ಕೂತು ಎರಡನ್ನೂ ತಿದ್ದಿಸಿದೆ.

ಮಾರ್ಚ್ ೧೨, ಮಂಗಳವಾರ
ಸ್ಥಾನ: ೩೮

ಬೆಂಚು, ಕಪಾಟು, ದಾರ ಸುತ್ತುವ ಬಾಬಿನ್ ತುಂಬಿದ ಡಬ್ಬಿ, ಎಲ್ಲದರ ಫೋಟೋ ಹಾಕಿದೆ. ಅಂಗಡಿಯ ಬಗ್ಗೆ ಒಂದು ಪುಟ ಬರೆದೆ. ಹುಡುಕುವವರು ಹೊಡೆಯುವ ಪದ ಪುಟದಲ್ಲಿ ಇರಬೇಕು ಅಂತ ಪುಟ್ಟಿ ಹೇಳಿದ್ದಳಲ್ಲ, ಧಾರಾಳವಾಗಿಯೇ ಹಾಕಿದೆ. ನನ್ನ ಹೆಂಡತಿ ಶಾಲೆಯ ಲೈಬ್ರರಿ ನೋಡಿಕೊಳ್ಳುವವಳು, ಓದಿದ್ದರ ಬಗ್ಗೆ ಅಭಿಪ್ರಾಯ ಹೇಳದೆ ಇರಲಾರಳು. ಎಂಟು ಸಾಲಿನಲ್ಲಿ ಹೊಲಿಗೆ ಮೆಷಿನ್ ರಿಪೇರಿ ಅಂತ ಹದಿನಾಲ್ಕು ಸಲ ಬಂದಿದೆ, ಗಿಳಿಪಾಠ ಬರೆದಿದ್ದೀರಾ ಅಂದಳು. ಪುಟ್ಟಿಯೂ ಬೈದಳು. ಹಾಗೆ ತುರುಕಿದರೆ ಯಂತ್ರ ಇನ್ನೂ ಕೆಳಗೆ ತಳ್ಳುತ್ತದಂತೆ. ಹನ್ನೆರಡು ಕಿತ್ತು ಹಾಕಿದೆ.

ಅಕ್ಕ ಈಚೆಗೆ ಫೋನ್ ಎತ್ತುವುದೇ ಇಲ್ಲ. ಮೊದಲೆಲ್ಲ ನನ್ನ ಕೈಯಿಂದ ಕಸಿದುಕೊಂಡು ಮಾತಾಡುತ್ತಿದ್ದಳು. ಈಗ ಪಕ್ಕದಲ್ಲೇ ಬಡಿದುಕೊಂಡರೂ ತಲೆ ಎತ್ತುವುದಿಲ್ಲ. ರೇಡಿಯೋ ಬೇರೆ ಬೀದಿಗೆಲ್ಲ ಕೇಳುವಷ್ಟು ಜೋರು. ಗಿರಾಕಿ ಮಾತು ಕೇಳಿಸಲ್ಲ, ಸಣ್ಣ ಮಾಡು ಅಂತ ಗದರಿದೆ. ಮಾಡಿದಳು. ನಾನು ಅತ್ತ ತಿರುಗಿದ ಮೇಲೆ ಮತ್ತೆ ಜೋರಾಯಿತು. ಮುಚ್ಚುವ ಮನಸ್ಸು ಮಾಡಿದವರಿಗೆ ಗಿರಾಕಿ ಯಾಕೆ ಬೇಕು.

ಮಾರ್ಚ್ ೨೧, ಗುರುವಾರ
ಸ್ಥಾನ: ೧೯

ಬೆಳಿಗ್ಗೆ ಷಟರ್ ಎತ್ತುವ ಮೊದಲು ಮೆಟ್ಟಿಲ ಮೇಲೆ ಕೂತು ಹುಡುಕುತ್ತೇನೆ. ನಾವು ಸಿಕ್ಕ ತಕ್ಷಣ ಒತ್ತಿ ಒಳಗೆ ಹೋಗಿ, ಫೋಟೋಗಳನ್ನೆಲ್ಲ ನೋಡಿ ಬರುತ್ತೇನೆ. ಮಧ್ಯಾಹ್ನ ಒಂದು ಸಲ. ಸಂಜೆ ಬಸ್ಸಿನಲ್ಲಿ ಒಂದು ಸಲ. ದಿನಕ್ಕೆ ಒಂದೆರಡು ಸ್ಥಾನ ಏರುತ್ತಿದ್ದೇವೆ. ಪುಟ್ಟಿಗೆ ಇನ್ನೂ ಹೇಳಿಲ್ಲ, ಮೊದಲ ಹೊಸ ಗಿರಾಕಿ ಬಂದ ಮೇಲೆ ಹೇಳೋಣ.

ಕೋಟು ಹೊಲಿಯುವ ದರ್ಜಿ ಬಂದಿದ್ದ, ಅಪ್ಪನ ಕಾಲದ ಗಿರಾಕಿ. ಅಕ್ಕ ಅವನ ಮೆಷಿನ್ ಓಡಿಸಿ ಅದರ ಬೆನ್ನ ಮೇಲೆ ಅಂಗೈ ಇಟ್ಟುಕೊಂಡು ಬಹಳ ಹೊತ್ತು ನಿಂತಳು. ಇದೊಂದು ಹೊಸ ಅಭ್ಯಾಸ. ಜ್ವರ ಬಂದಿದೆಯಾ ಅಂತ ತಮಾಷೆ ಮಾಡಿದೆ. ಅವಳು ತಿರುಗಿಯೂ ನೋಡದೆ ಸ್ಕ್ರೂಡ್ರೈವರ್ ಎತ್ತಿಕೊಂಡಳು.

ಏಪ್ರಿಲ್ ೨, ಮಂಗಳವಾರ
ಸ್ಥಾನ: ೬

ಮೊದಲ ಪುಟ! ಹೆಂಡತಿಗೆ ಹೇಳಿದರೆ ಹೌದಾ ಅಂದು ಬಟ್ಟೆ ಮಡಚುತ್ತಾ ಕೂತಳು. ಈ ಮನೆಯಲ್ಲಿ ಸಂತೋಷಪಡುವುದಕ್ಕೂ ನಾನೊಬ್ಬನೇ.

ಏಪ್ರಿಲ್ ೯, ಮಂಗಳವಾರ
ಸ್ಥಾನ: ೧

ಬರೆದು ಅದರ ಕೆಳಗೆ ಎರಡು ಸಲ ಗೆರೆ ಎಳೆದೆ. ಶೋರೂಮ್ ಕೆಳಗೆ, ನಾವು ಮೇಲೆ. ದಾರಿಯಲ್ಲಿ ಕೇಕ್ ತೆಗೆದುಕೊಂಡು ಹೋದೆ. ಅಕ್ಕ ಕನ್ನಡಕ ಏರಿಸಿ ಫೋನನ್ನು ಬಹಳ ಹೊತ್ತು ನೋಡಿದಳು. ಖುಷಿಯಾಗುತ್ತಾಳೆ ಅಂತ ಕಾದೆ. ಮುಖ ಸಪ್ಪಗಾಯಿತು. ‘ಹಾಗಾದ್ರೆ ಇನ್ನು ಬರ್ತಾರೆ’ ಅಂದಳು. ಬರಲಿ ಅಂತ ತಾನೇ ನಾನು ಒದ್ದಾಡಿದ್ದು?

ಕೇಕ್ ಮಾತ್ರ ಎರಡು ತುಂಡು ತಿಂದಳು.

ಏಪ್ರಿಲ್ ೧೫, ಸೋಮವಾರ
ಸ್ಥಾನ: ೧

ಇವತ್ತು ಬಂದದ್ದು ಎರಡು ಫೋನ್. ಒಂದು ರಾಂಗ್ ನಂಬರ್, ಇನ್ನೊಂದು ನನ್ನ ಹೆಂಡತಿ.

ಏಪ್ರಿಲ್ ೧೭, ಬುಧವಾರ
ಸ್ಥಾನ: ನನ್ನ ಫೋನಿನಲ್ಲಿ ೧

ಹೆಂಡತಿ ಲೈಬ್ರರಿಯ ಕಂಪ್ಯೂಟರಿನಲ್ಲಿ ಹುಡುಕಿದಳಂತೆ. ನಾವು ಮೂವತ್ತನಾಲ್ಕನೆಯವರು. ತಪ್ಪು ನೋಡಿರಬೇಕು ಅಂದೆ. ನನ್ನ ಫೋನ್ ತೋರಿಸಿದೆ, ಅವಳ ಫೋನಿನಲ್ಲಿ ಹೊಡೆಸಿದೆ. ಅಲ್ಲಿಯೂ ನಾವು ಕೆಳಗೆಲ್ಲೋ ಪಾತಾಳದಲ್ಲಿ.

ಪುಟ್ಟಿಗೆ ಫೋನ್ ಮಾಡಿದೆ. ದಿನಾ ಹುಡುಕಿ ನೀವೇ ಒತ್ತುತ್ತಿದ್ದಿರಾ ಅಂತ ಕೇಳಿದಳು. ಹೌದು ಅಂದೆ. ಆ ಕಡೆಯಿಂದ ನಗು ತಡೆದುಕೊಳ್ಳುವ ಸದ್ದು ಬಂತು. ಆಮೇಲೆ ಹೇಳಿದಳು: ‘ಮಾಮ, ನಿಮಗೆ ಏನಿಷ್ಟ ಅಂತ ನಿಮ್ಮ ಫೋನಿಗೆ ಗೊತ್ತಾಗಿದೆ. ಅದಕ್ಕೇ ಅದನ್ನ ಮೇಲೆ ತಂದು ತೋರಿಸ್ತಿದೆ. ನಿಮಗೊಬ್ಬರಿಗೇ.’

ಆರು ವಾರ. ಡೈರಿಯ ತುಂಬ ನಾನು ಬರೆದಿಟ್ಟದ್ದು ನನ್ನದೇ ಹೆಬ್ಬೆರಳಿನ ಪ್ರಗತಿ. ನಾಚಿಕೆಯಾಯಿತು. ಅಕ್ಕನಿಗೆ ಕೇಕ್ ಬೇರೆ ತಿನ್ನಿಸಿದ್ದೇನೆ.

ಏಪ್ರಿಲ್ ೧೮, ಗುರುವಾರ
ಸ್ಥಾನ: ೩೪, ಲೈಬ್ರರಿಯಲ್ಲಿ

ಅಕ್ಕನಿಗೆ ಹೇಳಿಬಿಟ್ಟೆ. ಮೊದಲ ಸಲ ಹೇಳಿದಾಗ ಅವಳು ಬೆನ್ನು ಮಾಡಿ ಕೂತಿದ್ದಳು, ಕೇಳಿಸಿಕೊಂಡ ಹಾಗೇ ಇರಲಿಲ್ಲ. ಎದುರಿಗೆ ಹೋಗಿ ನಿಂತು ಮತ್ತೆ ಮೊದಲಿನಿಂದ ಹೇಳಬೇಕಾಯಿತು. ಒಂದೇ ಅವಮಾನವನ್ನು ಎರಡು ಸಲ ಪಡುವುದು ಸುಲಭವಲ್ಲ.

‘ಇಷ್ಟು ದಿನ ನಿನ್ನ ಅಂಗಡಿಗೆ ನೀನೊಬ್ಬನೇ ಗಿರಾಕಿ ಅನ್ನು’ ಅಂದು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಈ ವರ್ಷ ಅವಳು ಹಾಗೆ ನಕ್ಕದ್ದನ್ನು ನೋಡಿರಲಿಲ್ಲ. ನನಗೂ ನಗು ಬಂತು. ಆದರೆ ಅವಳ ಮುಖದಲ್ಲಿ ನಿರಾಳವೂ ಇತ್ತು. ಅದು ನನಗೆ ಅರ್ಥವಾಗಲಿಲ್ಲ.

ಏಪ್ರಿಲ್ ೨೩, ಮಂಗಳವಾರ
ಸ್ಥಾನ: ೩೪

ಪುಟ್ಟಿ ಹೊಸ ಪಾಠ ಹೇಳಿದಳು. ‘ಹೊಲಿಗೆ ಮೆಷಿನ್ ರಿಪೇರಿ’ಯಲ್ಲಿ ಶೋರೂಮಿನವರನ್ನು ಹಿಂದೆ ಹಾಕುವುದು ಸದ್ಯಕ್ಕೆ ಆಗದ ಮಾತು. ಬೇರೆ ಬಾಗಿಲು ಹುಡುಕಿ, ಮೆಷಿನ್ ಕೆಟ್ಟ ಗಳಿಗೆಯಲ್ಲಿ ಜನ ನಿಜವಾಗಿ ಏನು ಹೊಡೆಯುತ್ತಾರೆ ಯೋಚಿಸಿ ಅಂದಳು.

ತಲೆ ಕೆರೆದುಕೊಳ್ಳುತ್ತಾ ಕೂತಿದ್ದಾಗ ಕೋಟು ದರ್ಜಿಯ ಫೋನ್ ಬಂತು. ಮೆಷಿನ್ ಮತ್ತೆ ಕಟಕಟ ಅಂತಿದೆ ಅಂದ. ಇಷ್ಟು ವರ್ಷ ಫೋನ್ ಎತ್ತಿದ್ದೇನೆ, ಯಾವತ್ತೂ ಹೊಳೆಯದ್ದು ಈಗ ಹೊಳೆಯಿತು. ಸೂಜಿ ತಟ್ಟೆ ಸವೆದಿದೆ ಅಂತ ಯಾವ ಗಿರಾಕಿಯೂ ಹೇಳುವುದಿಲ್ಲ. ಕಟಕಟ ಅಂತಿದೆ, ಗರಗರ ಅಂತಿದೆ, ಕಿರ್ ಅಂತಿದೆ, ಇಷ್ಟೇ. ಹುಡುಕುವಾಗಲೂ ಅದನ್ನೇ ಹೊಡೆಯುತ್ತಾರೆ. ಈ ಸಲ ಹೆಂಡತಿಗೆ ಫೋನ್ ಮಾಡಿ ಲೈಬ್ರರಿಯಲ್ಲಿ ಹೊಡೆಸಿ ನೋಡಿದೆ. ಒಂದು ಉತ್ತರವೂ ಇಲ್ಲ.

ಮೆಷಿನ್ನಿನ ಸದ್ದುಗಳ ಬಗ್ಗೆ ಒಂದು ಪುಟ ಮಾಡೋಣ, ನೀನು ಹೇಳು, ನಾನು ಬರೆಯುತ್ತೇನೆ ಅಂತ ಅಕ್ಕನಿಗೆ ಹೇಳಿದೆ. ಬೇಡ ಅಂದಳು. ಮಧ್ಯಾಹ್ನ ಮತ್ತೆ ಕೇಳಿದೆ. ಬೇಡ ಅಂದೆನಲ್ಲ ಅಂತ ರೇಗಿದಳು. ಸಂಜೆ, ನಾನು ಷಟರಿಗೆ ಕೈ ಹಾಕಿದಾಗ, ‘ಬರ್ಕೋ’ ಅಂದಳು.

ಕಣ್ಣು ಮುಚ್ಚಿಕೊಂಡು ಹೇಳಿದಳು. ಕಟಕಟ ಅಂದರೆ ಸೂಜಿ ಬಾಗಿ ಕೆಳಗಿನ ತಟ್ಟೆಗೆ ಬಡಿಯುತ್ತಿದೆ, ಕೂಡಲೇ ನಿಲ್ಲಿಸಿ. ಟಪ್ ಟಪ್ ಅಂದರೆ ಸೂಜಿ ಮೊಂಡಾಗಿ ಬಟ್ಟೆಯನ್ನು ಗುದ್ದುತ್ತಿದೆ. ಗರಗರ ಅಂದರೆ ಬಾಬಿನ್ ಕೆಳಗೆ ನೂಲಿನ ಕಸ ಸೇರಿದೆ. ಪಟಪಟ ಅಂದರೆ ಬೆಲ್ಟ್ ಸಡಿಲ. ಕಿರ್ ಅಂದರೆ ಎಣ್ಣೆ ಕಂಡು ಬಹಳ ದಿನವಾಗಿದೆ. ಗುಂಯ್ ಅಂತ ಗುನುಗಿ ಚಕ್ರ ತಿರುಗದಿದ್ದರೆ ಎಲ್ಲೋ ದಾರ ಸಿಕ್ಕಿಕೊಂಡಿದೆ, ಒತ್ತಡ ಹಾಕಬೇಡಿ. ಪ್ರತಿಯೊಂದನ್ನೂ ಬಾಯಲ್ಲಿ ಮಾಡಿ ತೋರಿಸಿದಳು. ಕಣ್ಣು ಮುಚ್ಚಿದಾಗ ಅವಳ ಮುಖ ಅಪ್ಪನ ಮುಖದಂತೆಯೇ ಇತ್ತು.

ಏಪ್ರಿಲ್ ೨೭, ಶನಿವಾರ

ಸದ್ದುಗಳು ಹದಿನೇಳು ಆದವು. ಒಂದೊಂದಕ್ಕೂ ಅರ್ಧ ಪುಟ. ಅಕ್ಕ ಬಾಯಲ್ಲಿ ಗರಗರ ಅನ್ನುವುದು, ನಾನು ಹೀಗಾ ಅಂತ ತಿರುಗಿ ಗರಗರ ಅನ್ನುವುದು. ಒಳಗೆ ಬಂದ ಕೋಟು ದರ್ಜಿ ನಮ್ಮಿಬ್ಬರನ್ನೂ ನೋಡಿ ಆಮೇಲೆ ಬರ್ತೀನಿ ಅಂತ ಹಿಂದಕ್ಕೆ ಹೊರಟ. ಕೂಗಿ ಕರೆಯಬೇಕಾಯಿತು.

ಅವನ ಮೆಷಿನ್ ಓಡಿಸಿ, ‘ಇದು ಯಾವ ಸದ್ದು ಹೇಳು’ ಅಂತ ಅಕ್ಕ ನನ್ನನ್ನು ಕೇಳಿದಳು. ನನಗೇನು ಗೊತ್ತು ಅಂದೆ. ಬರೆದವನು ನೀನು, ಹೇಳು ಅಂದಳು. ಕಟಕಟ ಅಂದೆ. ಅಂಗೈ ಇಟ್ಟು ನೋಡಿ, ಅಲ್ಲ, ಇನ್ನೊಂದು ಸಲ ಕೇಳು ಅಂದಳು. ಮೂರನೇ ಸಲಕ್ಕೆ ಟಪ್ ಟಪ್ ಅಂತ ಗೊತ್ತಾಯಿತು. ಸೂಜಿ ಬದಲಾಯಿಸಿದಳು, ಸದ್ದು ಹೋಯಿತು. ಗಿರಾಕಿಯ ಮುಂದೆ ನನ್ನನ್ನು ಪರೀಕ್ಷೆಗೆ ಕೂರಿಸಿ ಮಜಾ ತೆಗೆದುಕೊಳ್ಳುತ್ತಾಳೆ. ಕೇಕಿನ ಸೇಡು ಇರಬೇಕು.

ಮೇ ೭, ಮಂಗಳವಾರ

ಸದ್ದಿನ ಪುಟ ಹಾಕಿ ಒಂದು ವಾರವಾಯಿತು. ಈ ಕಿವಿಗಳದ್ದೊಂದು ಕಾಟ ಶುರುವಾಗಿದೆ. ಬೆಳಿಗ್ಗೆ ಬಸ್ಸು ತಿರುವಿನಲ್ಲಿ ಒಂದೇ ಕಡೆಯಿಂದ ಕೊರ್ ಅನ್ನುತ್ತಿತ್ತು. ಮನೆಯ ಫ್ರಿಜ್ಜು ಗುಂಯ್ ಅಂದು, ನಿಲ್ಲುವ ಮೊದಲು ಎರಡು ಸಲ ಟಕ್ ಟಕ್ ಅನ್ನುತ್ತದೆ. ಹೆಂಡತಿಗೆ ಹೇಳಿದೆ. ಮದುವೆಯಾದಾಗಿನಿಂದ ನಾನು ಹೇಳಿದ್ದೊಂದೂ ನಿಮ್ಮ ಕಿವಿಗೆ ಬಿದ್ದಿಲ್ಲ, ಫ್ರಿಜ್ಜಿನ ಮಾತು ಕೇಳಿಸುತ್ತಾ ಅಂದಳು.

ಅಂಗಡಿಯಲ್ಲಿ ಅಕ್ಕ ದಿನಾ ಒಂದೆರಡು ಮೆಷಿನ್ ನನ್ನ ಕಿವಿಗೆ ಹಿಡಿಯುತ್ತಾಳೆ. ಇವತ್ತು ನಾಲ್ಕರಲ್ಲಿ ಮೂರು ಸರಿ ಹೇಳಿದೆ. ಪಟಪಟದಲ್ಲಿ ಎಡವಿದೆ.

ಮೇ ೧೪, ಮಂಗಳವಾರ

ಇವತ್ತಿನದ್ದನ್ನು ನಿಧಾನವಾಗಿ ಬರೆಯಬೇಕು.

ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಒಬ್ಬ ಹೆಂಗಸಿನ ಫೋನ್. ಹೊಸ ಮನೆಗೆ ಪರದೆ ಹೊಲಿಯುತ್ತಿದ್ದಾಳೆ, ಸಂಜೆಯೊಳಗೆ ಮುಗಿಸಬೇಕು, ನಡುವೆ ಕೈಕೊಟ್ಟಿದೆ. ‘ಮೆಷಿನ್ ಕಟಕಟ ಅನ್ನುತ್ತಿದೆ’ ಅಂತ ಹೊಡೆದಳಂತೆ, ಎಲ್ಲರಿಗಿಂತ ಮೇಲೆ ನಾವು ಬಂದೆವಂತೆ. ಪುಟದಲ್ಲಿ ಹೇಳಿದಂತೆ ಸೂಜಿ ಬದಲಾಯಿಸಿದರೂ ಸದ್ದು ಹೋಗಿಲ್ಲ. ಫೋನನ್ನು ಮೆಷಿನ್ ಹತ್ತಿರ ಹಿಡೀತೀನಿ, ಕೇಳಿ ಹೇಳ್ತೀರಾ ಅಂದಳು.

ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಅಕ್ಕನ ಕೈಗೆ ಫೋನ್ ಕೊಟ್ಟು ವಿಷಯ ಹೇಳಿದೆ. ಕಿವಿಗಿಟ್ಟುಕೊಂಡಳು. ಬಲಗಿವಿಯಿಂದ ಎಡಕ್ಕೆ ಬದಲಾಯಿಸಿದಳು. ಆಮೇಲೆ ವಾಪಸ್ಸು ಚಾಚಿ, ನೀನೇ ಕೇಳು ಅಂದಳು. ಇದೇನು ಹುಡುಗಾಟದ ಹೊತ್ತಾ ಅಂತ ನನಗೆ ಸಿಟ್ಟು ನೆತ್ತಿಗೇರಿತು. ಎರಡು ತಿಂಗಳು ಕಷ್ಟಪಟ್ಟು ಒಬ್ಬರನ್ನು ಬಾಗಿಲವರೆಗೆ ತಂದಿದ್ದೇನೆ, ನಿನಗೆ ಕೇಳಿ ಹೇಳುವಷ್ಟೂ ಮನಸ್ಸಿಲ್ಲವಾ ಅಂತ ಏನೇನೋ ಅಂದೆ.

ಅಕ್ಕ ಫೋನನ್ನು ಬೆಂಚಿನ ಮೇಲಿಟ್ಟು ಅದರ ಮೇಲೆ ಅಂಗೈ ಇಟ್ಟಳು. ಮೆಷಿನ್ನಿನ ಬೆನ್ನ ಮೇಲೆ ಇಡುತ್ತಿದ್ದಳಲ್ಲ, ಹಾಗೆಯೇ. ಒಂದು ಗಳಿಗೆ ಹಾಗೇ ಒತ್ತಿ ಹಿಡಿದಳು. ಫೋನಿನಲ್ಲಿ ಅಂಗೈಗೆ ಏನು ತಿಳಿಯುತ್ತದೆ? ಕೈ ತೆಗೆದು ನನ್ನನ್ನು ನೋಡಿದಳು. ಆಗ ನನಗೆ ಗೊತ್ತಾಯಿತು.

ಫೋನ್ ಎತ್ತಿ ನಾನೇ ಕೇಳಿದೆ. ಕಟಕಟದ ಹಿಂದೆ ಇನ್ನೊಂದು ಸಣ್ಣ ಗರಗರ ಇತ್ತು. ಅಕ್ಕನ ಎದುರು ನಿಂತು, ಅವಳಿಗೆ ತುಟಿ ಕಾಣುವ ಹಾಗೆ, ಎರಡನ್ನೂ ಮಾಡಿ ತೋರಿಸಿದೆ. ಮುರಿದ ಸೂಜಿಯ ಚೂರು ಬಾಬಿನ್ ಕೂರುವ ಗೂಡಿನಲ್ಲಿ ಬಿದ್ದಿದೆ, ತೆಗೆಯೋಕೆ ಹೇಳು ಅಂದಳು. ಹೇಳಿದೆ. ಆ ಹೆಂಗಸು ತೆಗೆದು ಓಡಿಸಿ, ಸರಿಹೋಯ್ತು ಅಂತ ಕೂಗಿದಳು.

ಆಮೇಲೆ ಅಕ್ಕ ರೇಡಿಯೋ ಆರಿಸಿ ಹೇಳಿದಳು. ‘ವರ್ಷದ ಮೇಲಾಯ್ತು. ಬಲಗಿವಿ ಪೂರ್ತಿ ಹೋಗಿದೆ, ಎಡದ್ದು ಹೋಗ್ತಾ ಇದೆ. ಮಾತು ಹೇಗೋ ಮುಖ ನೋಡಿ ಹಿಡೀತೀನಿ. ಕಿವಿಗೆ ಹಾಕೋ ಯಂತ್ರ ತಂದಿದ್ದೀನಿ, ಅದರಲ್ಲಿ ಎಲ್ಲ ಮೆಷಿನ್ನೂ ಒಂದೇ ಥರ ಕೇಳಿಸ್ತವೆ.’

ಜನ ಬರ್ತಿಲ್ಲ ಅಂತ ತಾನೇ ನೀನು ಹೇಳಿದ್ದು ಅಂತ ಕೇಳಿದೆ.

‘ಬರ್ತಿಲ್ಲ ಅಂತ ಸಮಾಧಾನ ಮಾಡ್ಕೊಂಡಿದ್ದೆ. ಬಂದ್ರೆ ಏನ್ ಮಾಡ್ಲಿ ಅಂತ ಭಯ ಇತ್ತು. ನೀನು ನೋಡಿದ್ರೆ ಕರ್ಕೊಂಡು ಬರ್ತೀನಿ ಅಂತ ಕೂತೆ.’

ಮೇ ೧೫, ಬುಧವಾರ

ರೇಡಿಯೋ ಸಣ್ಣ ಮಾಡು ಅಂತ ಗದರಿದ್ದೆ. ಜ್ವರ ಬಂದಿದೆಯಾ ಅಂದಿದ್ದೆ. ಬೆನ್ನ ಹಿಂದೆ ನಿಂತು ಮಾತಾಡಿ, ಉತ್ತರ ಕೊಡಲಿಲ್ಲ ಅಂತ ಮುಖ ಊದಿಸಿಕೊಂಡಿದ್ದೆ. ಈ ಡೈರಿಯನ್ನೇ ತಿರುವಿ ನೋಡಿದರೆ ಎಲ್ಲ ಇದೆ. ಬಹಳ ಕೆಟ್ಟದೆನಿಸಿತು.

ಮೇ ೨೪, ಶುಕ್ರವಾರ

ಇವತ್ತು ಐದು ಫೋನ್, ಮೂರು ಮೆಷಿನ್. ಎಲ್ಲ ಸದ್ದು ಹುಡುಕಿಕೊಂಡು ಬಂದವರೇ. ನಾನು ಬೆಂಚಿನ ಆಚೆ ಬದಿಗೆ, ಅಕ್ಕನಿಗೆ ಎದುರಾಗಿ ಸ್ಟೂಲ್ ಹಾಕಿಕೊಂಡಿದ್ದೇನೆ. ಕೌಂಟರಿನಲ್ಲಿ ಕೂತರೆ ಅವಳಿಗೆ ನನ್ನ ಬಾಯಿ ಕಾಣುವುದಿಲ್ಲ.

ಒಂದಕ್ಕೆ ಗರಗರ ಅಂದೆ. ಅಕ್ಕ ಪೂರ್ತಿ ಬಿಚ್ಚಿದಳು, ಕಸವೂ ಇಲ್ಲ ಗಿಸವೂ ಇಲ್ಲ. ಮೆಷಿನ್ ಇಟ್ಟ ಮೇಜಿನ ಕಾಲು ಅಲ್ಲಾಡುತ್ತಿತ್ತು. ಮೇಜಿಗೂ ಮೆಷಿನ್ನಿಗೂ ವ್ಯತ್ಯಾಸ ಗೊತ್ತಿಲ್ಲದವನು ಸದ್ದಿನ ಪುಟ ಬರೆದಿದ್ದಾನೆ ಅಂತ ಸಂಜೆಯವರೆಗೆ ಆಡಿಕೊಂಡಳು. ನಗುತ್ತಿದ್ದಳು, ಆಡಿಕೊಳ್ಳಲಿ ಅಂದುಕೊಂಡೆ.

ಮೇ ೩೧, ಶುಕ್ರವಾರ

ಮಾಲೀಕರು ಬಂದರು. ನಾನು ಬೆಳಿಗ್ಗೆಯಿಂದ ಅಕ್ಕನನ್ನು ಏನೂ ಕೇಳಿರಲಿಲ್ಲ. ಜನರನ್ನು ತಂದೆನಲ್ಲ, ಮಾತು ಉಳಿಸಿಕೋ ಅನ್ನುವ ಬಾಯಿ ನನಗಿಲ್ಲ. ಬೇಡ ಅಂದರೆ ಬೇಡ ಅಂತ ಗಟ್ಟಿ ಮನಸ್ಸು ಮಾಡಿಕೊಂಡೇ ಷಟರ್ ಎತ್ತಿದ್ದೆ.

ಮಾಲೀಕರು ಗಡ್ಡದವರು. ಅವರ ತುಟಿ ಓದುವುದು ಅಕ್ಕನಿಗೆ ಕಷ್ಟ. ‘ಏನಂತಾರೆ’ ಅಂತ ನನ್ನನ್ನು ಕೇಳಿದಳು. ಬಿಡ್ತೀರಾ ಇರ್ತೀರಾ ಅಂತಾರೆ ಅಂದೆ. ಅವಳು ಉತ್ತರ ಹೇಳದೆ, ಬೆಂಚಿನ ಮೇಲಿದ್ದ ಮೆಷಿನ್ನಿಗೆ ಒಂದು ತುಂಡು ಬಟ್ಟೆ ಕೊಟ್ಟು ಓಡಿಸಿದಳು. ಅಂಗೈ ಇಡಲಿಲ್ಲ. ಕೈ ಎರಡೂ ಮಡಿಲಲ್ಲಿಟ್ಟುಕೊಂಡು ನನ್ನ ಮುಖ ನೋಡಿದಳು.

ಕಿವಿಗೊಟ್ಟೆ. ಮಾಲೀಕರು ಏನೋ ಹೇಳಲು ಬಾಯಿ ತೆರೆದರು, ಸುಮ್ಮನಿರಿ ಅಂತ ಕೈ ತೋರಿಸಿದೆ. ಬೀದಿಯಲ್ಲಿ ಗಾಡಿಯೊಂದು ಹೋಯಿತು, ಅದು ದಾಟುವವರೆಗೆ ಕಾದೆ. ಆಮೇಲೆ ಪಟಪಟ ಅಂದೆ. ಬೆಲ್ಟ್.

ಅಕ್ಕ ಬೆಲ್ಟ್ ಮುಟ್ಟಿ ನೋಡಿದಳು, ಸಡಿಲವೇ ಆಗಿತ್ತು. ಮಾಲೀಕರ ಕಡೆ ತಿರುಗಿ, ‘ಇವನ ಕಿವಿ ಇನ್ನೂ ಪಳಗಬೇಕು. ಸ್ವಲ್ಪ ವರ್ಷ ಬೇಕಾಗುತ್ತೆ. ಕರಾರು ಬರೀರಿ’ ಅಂದಳು.

ನಾನು ಕೌಂಟರಿಗೆ ಹೋಗಿ ಪೆನ್ನು ಹುಡುಕುವ ನೆಪದಲ್ಲಿ ಬಗ್ಗಿ ನಿಂತೆ. ಅಳು ಬಂದಿತ್ತು. ಅಕ್ಕನಿಗೆ ಕೇಳಿಸುವುದಿಲ್ಲ, ಆದರೆ ಮುಖ ನೋಡಿದರೆ ಎಲ್ಲ ಗೊತ್ತಾಗುತ್ತದೆ.

ಸಂಜೆ ಪುಟ್ಟಿ ಫೋನ್ ಮಾಡಿ, ಮಾಮ, ಈಗ ಎಷ್ಟನೇ ಸ್ಥಾನ ಅಂತ ಕೇಳಿದಳು. ನೋಡಿರಲಿಲ್ಲ. ನಾಳೆ ನೋಡಿ ಹೇಳ್ತೀನಿ ಅಂದೆ. ಷಟರ್ ಎಳೆಯುವಾಗ ಎಡಗಡೆ ಕಿರ್ ಅಂದಿತು. ಬೆಳಿಗ್ಗೆ ಮರೆಯದೆ ಎಣ್ಣೆ ಹಾಕಬೇಕು.